ನಮ್ಮ ಅತ್ತೆ ಬಿಚ್ಚದೆ ಕೊಟ್ಟ ರೆಕಾರ್ಡು

ನಮ್ಮ ಅತ್ತೆ ದಾನವ್ವನವರ ಕೈಗೆ ಉಡುಗೊರೆ ಬಂದರೆ ಅವರು ಅದನ್ನು ಬಿಚ್ಚುವುದಿಲ್ಲ. ಕೈಯಲ್ಲಿ ಹಿಡಿದು ತೂಕ ನೋಡುತ್ತಾರೆ, ಕಿವಿಯ ಹತ್ತಿರ ತಂದು ಅಲ್ಲಾಡಿಸುತ್ತಾರೆ, ಆಮೇಲೆ ಇದು ಯಾರಿಗೆ ಒಪ್ಪೀತು ಎಂದು ಯೋಚಿಸುತ್ತಾರೆ. ತಮಗೇ ಒಪ್ಪೀತು ಎಂಬ ಯೋಚನೆ ಅವರಿಗೆ ಈ ಎಪ್ಪತ್ತು ವರ್ಷದಲ್ಲಿ ಬಂದಂತಿಲ್ಲ. ಇದನ್ನು ಜಿಪುಣತನ ಅನ್ನುವವರು ಒಮ್ಮೆ ಅವರ ಕೈಯಲ್ಲಿ ಊಟ ಮಾಡಿ ನೋಡಬೇಕು. ನಾಲ್ಕನೇ ರೊಟ್ಟಿ ಬೇಡ ಅಂದದ್ದಕ್ಕೆ ಎರಡು ದಿನ ಅಳಿಯನಾದ ನನ್ನೊಂದಿಗೆ ಮಾತು ಬಿಟ್ಟಿದ್ದರು.

ಮಾವ ವಿರುಪಾಕ್ಷಪ್ಪನವರದು ಗದಗಿನ ಪೇಟೆಯಲ್ಲಿ ಪಾತ್ರೆ ಅಂಗಡಿ. ಪಾತ್ರೆ ಕೊಂಡವರಿಗೆ ಪುಕ್ಕಟೆಯಾಗಿ ಹೆಸರು ಕೊರೆದು ಕೊಡುತ್ತಿದ್ದರು. ಗಂಡ ಹೆಂಡತಿಗೆ ಜೀವಮಾನವಿಡೀ ಜಗಳವಿದ್ದದ್ದು ಇದೊಂದೇ ವಿಷಯಕ್ಕೆ. "ಹೆಸರು ಕೊರದ್ರ ಪಾತ್ರಿ ಕಾಲು ಮುರದಂಗ. ಇನ್ನ ಎಲ್ಲಿ ಹೋಗತೈತಿ ಅದು?" ಎಂದು ಅತ್ತೆ ಕೇಳುತ್ತಿದ್ದರಂತೆ. ವಸ್ತು ಎಂದರೆ ಮನೆಯಿಂದ ಮನೆಗೆ ನಡೆಯುತ್ತಿರಬೇಕು, ಒಂದು ಕಡೆ ನಿಂತರೆ ಅದು ಸತ್ತಂತೆ ಎಂಬುದು ಅವರ ಸಿದ್ಧಾಂತ. ಮಾವ ತೀರಿಕೊಂಡ ಮೇಲೆ ಅವರು ನಮ್ಮ ಜೊತೆ ಇರಲು ಸಮುದ್ರ ದಾಟಿ ಯೂನಿಯನ್ ಸಿಟಿಗೆ ಬಂದರು. ಸಿದ್ಧಾಂತವೂ ಚೆಕ್-ಇನ್ ಬ್ಯಾಗಿನಲ್ಲಿ ಬಂತು.

ಈಗ ನಮ್ಮ ನಡುಮನೆಯ ಕಪಾಟು ಅತ್ತೆಯ ಉಡುಗೊರೆ ಕಪಾಟು. ನನ್ನ ಕೋಟು, ನನ್ನ ಟೆನಿಸ್ ರಾಕೆಟ್ಟು, ನನ್ನ ಮದುವೆಯ ಆಲ್ಬಮ್ಮು ಗರಾಜಿನಲ್ಲಿ ಧೂಳು ತಿನ್ನುತ್ತಿವೆ. ಕಪಾಟಿನಲ್ಲಿ ಇರುವುದೆಲ್ಲ ಬೇರೆಯವರದು, ಅಂದರೆ ಇನ್ನು ಮುಂದೆ ಬೇರೆಯವರದಾಗುವಂಥದು. ಬೇ ಏರಿಯಾದ, ಅಂದರೆ ಈ ಸುತ್ತಮುತ್ತಲ ಊರುಗಳ, ಕನ್ನಡದ ಮನೆಗಳಲ್ಲೆಲ್ಲ ಇಂಥ ಒಂದು ಕಪಾಟು ಇದ್ದೇ ಇರುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಯಾರೂ ಒಪ್ಪಿಕೊಳ್ಳುವುದಿಲ್ಲ, ಅಷ್ಟೆ.

ಅತ್ತೆಗೆ ಇಲ್ಲಿ ಒಬ್ಬಳೇ ಗೆಳತಿ, ಲೊರೇನ್. ನಮ್ಮ ಎದುರು ಮನೆಯವಳು. ಐವತ್ತಾರು ವರ್ಷದ ಎತ್ತರದ ಕಪ್ಪು ಹೆಂಗಸು, ಯೂನಿಯನ್ ಸಿಟಿ ರೈಲು ಸ್ಟೇಷನ್ನಿನ ಗಾಜಿನ ಬೂತಿನಲ್ಲಿ ಕೂತು ಗೇಟಿನಲ್ಲಿ ಟಿಕೆಟ್ಟು ಸಿಕ್ಕಿಹಾಕಿಕೊಂಡವರಿಗೆ, ದಾರಿ ತಪ್ಪಿದವರಿಗೆ ಸಹಾಯ ಮಾಡುವುದು ಆಕೆಯ ಕೆಲಸ. ಅತ್ತೆ ಬೆಳಿಗ್ಗೆ ವಾಕಿಂಗು ಎಂದು ಹೊರಟು ಸ್ಟೇಷನ್ನಿನ ಬೆಂಚಿನ ಮೇಲೆ ಕೂರುತ್ತಿದ್ದರು. ಯೂನಿಯನ್ ಸಿಟಿಯಲ್ಲಿ ನಡೆದಾಡುವ ಮನುಷ್ಯರು ಕಣ್ಣಿಗೆ ಬೀಳುವುದು ಅಲ್ಲಿ ಮಾತ್ರ. ದಿನಾ ಬಂದು ರೈಲು ಹತ್ತದೆ ಹೋಗುವ ಇಳಕಲ್ ಸೀರೆಯ ಮುದುಕಿಯನ್ನು ನೋಡಿ ಲೊರೇನ್ ಒಂದು ದಿನ ಬೂತಿನಿಂದ ಹೊರಗೆ ಬಂದು ಮಾತಾಡಿಸಿದಳು. ಮರುದಿನ ಅತ್ತೆ ಶೇಂಗಾ ಹೋಳಿಗೆ ಒಯ್ದರು. ಎದುರು ಬದುರು ಮನೆಯವರು ಒಬ್ಬರನ್ನೊಬ್ಬರು ಗುರುತಿಸಿದ್ದು ಹೀಗೆ ಸ್ಟೇಷನ್ನಿನಲ್ಲಿ. ಅತ್ತೆ ಅವಳನ್ನು ಲೋರವ್ವ ಎನ್ನುತ್ತಾರೆ, ಅವಳು ಅತ್ತೆಯನ್ನು ಮಿಸ್ ಡಾನಾ ಎನ್ನುತ್ತಾಳೆ. ಇವರಿಗೆ ಇಂಗ್ಲಿಷು ಬಾರದು, ಅವಳಿಗೆ ಕನ್ನಡ ಬಾರದು, ಆದರೂ ಸಂಜೆ ಎರಡೆರಡು ತಾಸು ಮಾತಾಡುತ್ತಾರೆ. ನಾನು ಮತ್ತು ನನ್ನ ಹೆಂಡತಿ ಆರತಿ ಒಂದೇ ಭಾಷೆಯಲ್ಲಿ ಅಷ್ಟು ಹೊತ್ತು ಮಾತಾಡಿ ವರ್ಷಗಳಾದವು.

ಮೊದಲ ವರ್ಷದ ದೀಪಾವಳಿಗೆ ಲೊರೇನ್‌ಳನ್ನು ಊಟಕ್ಕೆ ಕರೆದೆವು. ಆರತಿ ಅವಳಿಗೊಂದು ಶಾಲು ಕೊಟ್ಟಳು. ಲೊರೇನ್ ಇಲ್ಲಿಯ ರೂಢಿಯಂತೆ ನಿಂತಲ್ಲೇ ಕಾಗದವನ್ನು ಪರಪರ ಹರಿದು, ಶಾಲು ಹೊದ್ದು, ಕುಣಿದಳು. ಅತ್ತೆ ಕೆನ್ನೆಗೆ ಕೈಯಿಟ್ಟುಕೊಂಡರು.

"ಹೇಳ್ರಿ ಅಳಿಯಾರ ಆಕಿಗೆ. ಕೊಟ್ಟವರ ಮುಂದ ಬಿಚ್ಚಬಾರದು. ಮನಿಗೆ ಒಯ್ದು ಹಂಗ ಇಡಬೇಕು. ತಾನಾಗೇ ಅದರ ವ್ಯಾಳ್ಯಾ ಬರತೈತಿ."

ನಾನು ಹೇಳಿದೆ. ಲೊರೇನ್ ಅದನ್ನು ದೊಡ್ಡ ಉಪದೇಶವೆಂಬಂತೆ ಕೇಳಿ, ಗಂಭೀರವಾಗಿ ತಲೆಯಾಡಿಸಿ, ಹರಿದ ಕಾಗದವನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು.

ಇನ್ನೊಂದು ಸಂಗತಿ ನಮಗೆ ತಿಳಿದದ್ದು ತಡವಾಗಿ. ಎಂಬತ್ತರ ದಶಕದ ಕೊನೆಗೆ, ರ‍್ಯಾಪ್ ಸಂಗೀತದ ಆ ಚಿನ್ನದ ಕಾಲದಲ್ಲಿ, ಲೊರೇನ್ ರ‍್ಯಾಪರ್ ಆಗಿದ್ದಳು. ಹೆಸರು ಲೇಡಿ ಥರ್ಸ್‌ಡೇ. ಓಕ್ಲೆಂಡಿನ ಒಂದು ಕ್ಲಬ್ಬಿನಲ್ಲಿ ಹೆಂಗಸರಿಗೆ ಮೈಕು ಕೊಡುತ್ತಿದ್ದದ್ದು ಗುರುವಾರ ಮಾತ್ರವಂತೆ. ಆ ಸಿಟ್ಟಿಗೆ ಆ ಹೆಸರು. ಇಪ್ಪತ್ತೊಂದನೇ ವಯಸ್ಸಿಗೆ ತಾಯಿಯ ಗರಾಜಿನಲ್ಲಿ ಒಂದೇ ಒಂದು ಆಲ್ಬಮ್ಮು ಮಾಡಿದ್ದಳು, 'ಸಿಟ್ ಡೌನ್, ಐ ಆ್ಯಮ್ ಟಾಕಿಂಗ್'. ಕವರಿನ ಮೇಲೆ ಕಿವಿಗೆ ಬಳೆಯಷ್ಟು ದೊಡ್ಡ ರಿಂಗು, ಕೊರಳಿಗೆ ಹಗ್ಗದಂಥ ಸರ ಹಾಕಿಕೊಂಡು ಅಡುಗೆಮನೆಯ ಕುರ್ಚಿಯ ಮೇಲೆ ಕೂತು ಬೆರಳು ತೋರಿಸುತ್ತಿರುವ ಲೊರೇನ್. ಹೆಸರಿನ ಅರ್ಥ ಹೇಳಿದಾಗ ಅತ್ತೆಗೆ ಬಹಳ ಮೆಚ್ಚುಗೆಯಾಯಿತು. "ಕುಂದರು, ನಾ ಮಾತಾಡಾಕತ್ತೀನಿ. ಬರೋಬ್ಬರಿ ಐತಿ ನೋಡ್ರಿ," ಎಂದರು. ರೆಕಾರ್ಡು ಸ್ವಲ್ಪವೇ ಅಚ್ಚಾಯಿತು, ಕಂಪನಿ ಮುಚ್ಚಿತು, ಲೇಡಿ ಥರ್ಸ್‌ಡೇ ರೈಲು ಇಲಾಖೆಗೆ ಅರ್ಜಿ ಹಾಕಿದಳು.

ಅವಳ ಬಳಿ ಎರಡು ಪ್ರತಿ ಉಳಿದಿದ್ದವು. ಒಂದನ್ನು, ಪ್ಲಾಸ್ಟಿಕ್ಕು ಹೊದಿಕೆ ಕೂಡ ಬಿಚ್ಚದ್ದನ್ನು, ಎರಡು ವರ್ಷದ ಹಿಂದೆ ಹೋಳಿಗೆ ಡಬ್ಬಿ ಹಿಂದಿರುಗಿಸುವಾಗ ಅತ್ತೆಗೆ ಕೊಟ್ಟಳು. ಡಬ್ಬಿಯನ್ನು ಬರಿದಾಗಿ ಕೊಡಬಾರದು ಎಂದು ಅತ್ತೆಯೇ ಕಲಿಸಿದ್ದರಲ್ಲ.

ಅತ್ತೆಗೆ ಕಣ್ಣು ತುಂಬಿ ಬಂತು. ಆಮೇಲೆ ರೆಕಾರ್ಡನ್ನು ಕಪಾಟಿನಲ್ಲಿ ಇಟ್ಟರು. ಮುಂದಿನ ತಿಂಗಳು ಕ್ಯುಪರ್ಟಿನೋದಲ್ಲಿ ತೇಜಸ್ವಿನಿಯ ಗೃಹಪ್ರವೇಶ ಬಂತು. ರೆಕಾರ್ಡು ಇಷ್ಟು ತೆಳ್ಳಗಿದ್ದರೆ ಜನ ಏನೆಂದುಕೊಂಡಾರು ಎಂದು ಅತ್ತೆ ಅದನ್ನು ನಮ್ಮ ಇಂಡಕ್ಷನ್ ಒಲೆಯ ಖಾಲಿ ಡಬ್ಬದಲ್ಲಿ ಇಟ್ಟು, ತೂಕಕ್ಕಿರಲಿ ಎಂದು ಹೆಸರು ಕೊರೆಯದ, ಹಿಟ್ಟು ನಾದುವ ಒಂದು ಸ್ಟೀಲಿನ ಪರಾತ ಸೇರಿಸಿ, ನೇರಳೆ ಬಣ್ಣದ ನವಿಲಿನ ಕಾಗದ ಸುತ್ತಿ ಕೊಟ್ಟುಬಿಟ್ಟರು. ಲೊರೇನ್ ಆಗಾಗ ಹಾಡು ಕೇಳಿದಿರಾ ಎಂದು ಸನ್ನೆ ಮಾಡಿ ಕೇಳಿದರೆ ಅತ್ತೆ ತಮಗೆ ಬರುವ ಇಂಗ್ಲಿಷಿನಲ್ಲಿ, "ಡೇಲಿ! ಡೇಲಿ!" ಎನ್ನುತ್ತಿದ್ದರು.

ಕಳೆದ ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಲೊರೇನ್ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಅವಳ ಸ್ವಂತದ ಪ್ರತಿ. ಕಾರಿನ ಹಿಂದಿನ ಗಾಜಿನ ಹತ್ತಿರ ಬಿಸಿಲಿಗೆ ಬಿಟ್ಟು ಮರೆತಿದ್ದಳಂತೆ. ಕೆಂಡದ ಮೇಲೆ ಸುಟ್ಟ ಹಪ್ಪಳದಂತೆ ಅದು ಮುರುಟಿಕೊಂಡಿತ್ತು.

ಸಂಜೆ ಐದಕ್ಕೆ ಅವಳ ಮನೆಯಲ್ಲಿ ಊಟ, ನಮ್ಮನ್ನು ವಾರದ ಮುಂಚೆಯೇ ಕರೆದಿದ್ದಳು. ಅಂದು ಅವಳ ತಾಯಿಯ ಹುಟ್ಟಿದ ದಿನ. ತಾಯಿ ಹೋಗಿ ಇಪ್ಪತ್ತು ವರ್ಷ. ಆಲ್ಬಮ್ಮಿನ ಎರಡನೇ ಬದಿಯ ಕೊನೆಯಲ್ಲಿ ಆ ತಾಯಿಯ ಧ್ವನಿ ಇದೆಯಂತೆ. ಗರಾಜಿನಲ್ಲಿ ರೆಕಾರ್ಡಿಂಗು ನಡೆಯುವಾಗ ಆಕೆ ಬಾಗಿಲು ತೆರೆದು ಊಟಕ್ಕೆ ಕರೆದದ್ದು ಹಾಡಿನೊಳಗೆ ಸೇರಿಹೋಗಿತ್ತು, ಲೊರೇನ್ ಅದನ್ನು ತೆಗೆಯಗೊಡಲಿಲ್ಲ. ಅದನ್ನು ಬಿಟ್ಟರೆ ತಾಯಿಯ ಧ್ವನಿ ಲೋಕದಲ್ಲಿ ಎಲ್ಲೂ ಉಳಿದಿಲ್ಲ. ಪ್ರತಿ ವರ್ಷ ಈ ದಿನ ಒಮ್ಮೆ, ಒಮ್ಮೆ ಮಾತ್ರ, ಅವಳು ಅದನ್ನು ಕೇಳುತ್ತಾಳೆ. ಹೆಚ್ಚು ಸಲ ಹಾಕಿದರೆ ರೆಕಾರ್ಡು ಸವೆಯುತ್ತದೆ. ಆಲ್ಬಮ್ಮು ಇಂಟರ್ನೆಟ್ಟಿನಲ್ಲಿ ಇಲ್ಲ. ಜಪಾನಿನಲ್ಲಿ ಒಬ್ಬನ ಬಳಿ ಒಂದಿದೆ, ಅವನು ಅದರ ಫೋಟೋ ಹಾಕುತ್ತಾನೆ, ಮಾರುವುದಿಲ್ಲ.

"ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕಿತ್ತಲ್ಲ?" ಎಂದೆ ನಾನು, ಎಂಜಿನಿಯರ ಬುದ್ಧಿ.

"ನಮ್ಮಮ್ಮ ನನ್ನನ್ನು ಊಟಕ್ಕೆ ಫೋನಿನಲ್ಲಿ ಕರೆಯುತ್ತಿರಲಿಲ್ಲ," ಎಂದಳು ಲೊರೇನ್. ಆಮೇಲೆ ಅತ್ತೆಯ ಕೈ ಹಿಡಿದು, ನಿಮ್ಮ ಪ್ರತಿಯನ್ನು ಇವತ್ತೊಂದು ದಿನ ಕೊಡಿ, ನಾಳೆ ವಾಪಸು ಕೊಡುತ್ತೇನೆ ಎಂದಳು.

ನಾನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಂತೆ ಅತ್ತೆಯ ಮುಖದ ಬಣ್ಣ ಇಳಿಯಿತು. "ಡೇಲಿ," ಎಂದರು ಸಣ್ಣ ದನಿಯಲ್ಲಿ. ಲೊರೇನ್ ಹೋದಳು.

"ಅಳಿಯಾರ, ಕಾರು ತಗೀರಿ," ಎಂದರು ಅತ್ತೆ. "ಸತ್ತಾಕಿ ದನಿ ಒಯ್ದು ಗೃಹಪ್ರವೇಶಕ್ಕ ಕೊಟ್ಟೀನಿ. ನನಗ ನರಕಾನೂ ಸಿಗೂದುಲ್ಲ."

ಈಗ ಕೊಟ್ಟ ಉಡುಗೊರೆಯನ್ನು ಹಿಂದಕ್ಕೆ ಕೇಳುವುದು ಹೇಗೆ? ನಮ್ಮವರಲ್ಲಿ ಕಿಡ್ನಿಯನ್ನಾದರೂ ಕೇಳಬಹುದು, ಇದನ್ನು ಕೇಳುವ ಹಾಗಿಲ್ಲ. ಫ್ರೀವೇ ಹತ್ತುವವರೆಗೆ ಅತ್ತೆ ಕಿವಿ ಸವರಿಕೊಳ್ಳುತ್ತಿದ್ದರು. ಆಮೇಲೆ ತಮ್ಮ ಬಲ ಕಿವಿಯ ಓಲೆ ಬಿಚ್ಚಿ ಪರ್ಸಿಗೆ ಹಾಕಿಕೊಂಡರು. "ಡಬ್ಬಿ ಕಟ್ಟುವಾಗ ಓಲಿ ಅದರಾಗ ಬಿದ್ದೈತಿ ಅಂತೀನಿ," ಎಂದರು.

"ಎರಡು ವರ್ಷ ಆದ ಮ್ಯಾಲ ಗೊತ್ತಾತೇನ್ರಿ ಅತ್ತಿ?"

"ನೀವು ರೋಡ್ ನೋಡ್ರಿ."

ತೇಜಸ್ವಿನಿ ಆರತಿಯ ಗೆಳತಿ, ಬೆಂಗಳೂರಿನವಳು. ಕ್ಯುಪರ್ಟಿನೋದ ಸ್ಕೂಲಿಗೋಸ್ಕರ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಮನೆ ಕೊಂಡಿದ್ದಾಳೆ. ಅತ್ತೆ ಇನ್ನೂ ಬಾಯಿ ತೆರೆಯುವ ಮೊದಲೇ ಅವಳು, "ಆಂಟಿ, ನೀವು ಕೊಟ್ಟಿದ್ರಲ್ಲ ಗಿಫ್ಟು, ಎಷ್ಟು ಯೂಸ್‌ಫುಲ್ಲು ಗೊತ್ತಾ! ಡೈಲಿ ಯೂಸ್ ಮಾಡ್ತೀವಿ," ಎಂದಳು.

ಆ 'ಡೈಲಿ' ಕೇಳಿ ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ನನ್ನ ಕಡೆ ನೋಡಲಿಲ್ಲ.

"ಒಂದೀಟು ತೋರಸವಾ," ಎಂದರು.

"ಅದೂ... ಡಿಶ್‌ವಾಶರ್‌ನಲ್ಲಿದೆ ಆಂಟಿ."

ರೆಕಾರ್ಡು ಡಿಶ್‌ವಾಶರಿನಲ್ಲಿ! ಅತ್ತೆ ಓಲೆಯ ಕತೆ ಹೇಳಿದರು, ಬೋಳು ಕಿವಿಯನ್ನೂ ತೋರಿಸಿದರು. ಚಿನ್ನದ ವಿಷಯ ಬಂದ ಮೇಲೆ ಡಿಶ್‌ವಾಶರಿನ ಸುಳ್ಳು ನಿಲ್ಲಲಿಲ್ಲ. ತೇಜಸ್ವಿನಿ ಕುರ್ಚಿಯ ಮೇಲೆ ಕುಸಿದಳು. "ಸಾರಿ ಆಂಟಿ. ನಾನು ಓಪನ್ನೇ ಮಾಡಿಲ್ಲ. ಫ್ರೀಮಾಂಟ್‌ನಲ್ಲಿ ಜಯರಾಮ್ ಅಂಕಲ್ ರಿಟೈರ್‌ಮೆಂಟ್ ಪಾರ್ಟಿ ಇತ್ತಲ್ಲ, ಟೈಮಿರ್ಲಿಲ್ಲ, ಅಲ್ಲಿ ಕೊಟ್ಬಿಟ್ಟೆ. ಆರತಿಗೆ ಹೇಳ್ಬೇಡಿ, ಪ್ಲೀಸ್!"

ಅತ್ತೆಗೆ ಸಿಟ್ಟು ಬಂತು. ನಿಜವಾದ ಸಿಟ್ಟು. ಕಾರಿನಲ್ಲಿ ಕೂತು, "ಕೊಟ್ಟದ್ದನ್ನ ಬಿಚ್ಚಿ ಸುದ್ಧಾ ನೋಡೂದುಲ್ಲಲ್ಲ! ಎಂಥಾ ಮಂದಿ ಇವರು!" ಎಂದರು. ನಾನು ರೋಡು ನೋಡಿದೆ.

ನಾವು ಫ್ರೀವೇಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿದ್ದೆವು, ಸುಳ್ಳಿಗೆ ಟ್ರಾಫಿಕ್ಕಿಲ್ಲ. ತೇಜಸ್ವಿನಿ ಪಾಪ, ಸಹಾಯವಾಗಲಿ ಎಂದು ಕನ್ನಡದ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಬರೆದಳು: ದಾನವ್ವ ಆಂಟಿಯ ಓಲೆ ನವಿಲಿನ ಗಿಫ್ಟ್ ಪ್ಯಾಕಿನಲ್ಲಿ ಕಳೆದಿದೆ. ಮಿಲ್ಪಿಟಾಸ್ ದಾಟುವಷ್ಟರಲ್ಲಿ ಅದು ವಜ್ರದ ಓಲೆಯಾಗಿತ್ತು. ಫ್ರೀಮಾಂಟಿನ ಎಕ್ಸಿಟ್ಟು ಬರುವಷ್ಟರಲ್ಲಿ ಜೊತೆಗೆ ಒಂದು ನೆಕ್ಲೇಸೂ ಸೇರಿ, ಅತ್ತೆ ಆಸ್ಪತ್ರೆಯಲ್ಲಿದ್ದರು. ಆರತಿ ಗಾಬರಿಯಿಂದ ಫೋನು ಮಾಡಿ ಯಾವ ಆಸ್ಪತ್ರೆ ಎಂದು ಕೇಳಿದಳು.

ಜಯರಾಮ್ ಮೈಸೂರಿನವರು, ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮರ್ಯಾದಸ್ಥರು. ಬಾಗಿಲು ತೆರೆದಾಗ ಅವರ ನಡುಮನೆಯ ತುಂಬ ಬಣ್ಣದ ಕಾಗದ. ವಾಟ್ಸಾಪಿನ ಸುದ್ದಿ ಕೇಳಿ, ವರ್ಷಗಳಿಂದ ಕಪಾಟಿನಲ್ಲಿದ್ದ ಪೊಟ್ಟಣಗಳನ್ನೆಲ್ಲ ಬಿಚ್ಚಿ ರಾಶಿ ಹಾಕಿಕೊಂಡು ಅದರ ನಡುವೆ ಬನಿಯನ್ನಿನಲ್ಲಿ ನಿಂತಿದ್ದರು. ಗೋಡೆ ಗಡಿಯಾರಗಳು, ಗಾಜಿನ ಗಣಪತಿಗಳು, ಒಂದೇ ಥರದ ಟೀ ಸೆಟ್ಟುಗಳು.

"ನಾನು ಅಂಥವನಲ್ಲಮ್ಮಾ!" ಎಂದರು ದುಃಖದಿಂದ. "ಮೂವತ್ತು ವರ್ಷ ಬ್ಯಾಂಕಿನವರ ಕೆಲಸ ಮಾಡಿದೀನಿ, ಒಂದು ಪೈಸೆ ಮುಟ್ಟಿಲ್ಲ. ನೀವು ಆಸ್ಪತ್ರೆಯಿಂದ ಯಾಕೆ ಎದ್ದು ಬಂದ್ರಿ?"

ಅತ್ತೆ ಬೋಳು ಕಿವಿ ತೋರಿಸಿದರು. ಈ ಸಲ ಅದು ಎಡಗಿವಿ. ಕಾರಿನಲ್ಲಿ ಬಲದ ಓಲೆ ಹಾಕಿಕೊಂಡು ಎಡದ್ದನ್ನು ಯಾವಾಗ ತೆಗೆದರೋ ದೇವರೇ ಬಲ್ಲ. ಜಯರಾಮ್ ಕಿವಿ ನೋಡುವ ಸ್ಥಿತಿಯಲ್ಲಿರಲಿಲ್ಲ.

"ನಿಜ ಹೇಳ್ಬಿಡ್ತೀನಿ. ಆ ಪ್ಯಾಕು ನಾನು ಬಿಚ್ಚಲಿಲ್ಲ. ಅಲ್ಲಾಡಿಸಿದ್ರೆ ಟಣ್ ಅಂತು, ಪಾತ್ರೆ ಸೆಟ್ಟು ಅನ್ಕೊಂಡೆ. ಯೂನಿಯನ್ ಸಿಟೀಲಿ ಬಶೀರ್ ಅವ್ರ ಮಗಳು ಮೆಹ್ರೀನ್ ಗ್ರಾಜುಯೇಶನ್‌ಗೆ ಕೊಟ್ಟೆ."

"ಪಾತ್ರೆ ಅಂತ ತಿಳಿದು ಗ್ರಾಜುಯೇಶನ್ನಿಗೆ ಕೊಟ್ರಾ?" ಎಂದೆ ನಾನು.

"ಹುಡುಗಿ ಅಲ್ವೇನ್ರೀ," ಎಂದರು ಜಯರಾಮ್.

ಅತ್ತೆ ಜಯರಾಮ್ ಮೇಲೆ ಹರಿಹಾಯುವ ಮೊದಲು ನಾನು ಅತ್ತೆಯನ್ನು ಕಾರಿನಲ್ಲಿ ಕೂರಿಸಿದೆ. ಗಂಟೆ ಮೂರಾಗಿತ್ತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಇಷ್ಟು ಹೊತ್ತು ನನಗೆ ಒಳಗೊಳಗೇ ನಗು ಬರುತ್ತಿತ್ತು, ಈಗ ನಿಂತಿತು. "ಆಕಿ ವರ್ಷಕ್ಕ ಒಮ್ಮೆ ಕೇಳತಾಳ್ರಿ ಅಳಿಯಾರ," ಎಂದರು. "ನಮ್ಮವ್ವ ಹ್ಯಾಂಗ ಮಾತಾಡತಿದ್ಲು ಅಂತ ನನಗ ಈಗ ನೆನಪಾಗವಲ್ದು. ಏನ ಅಂತಿದ್ಲು ಅನ್ನೂದು ನೆನಪೈತಿ. ದನಿ ಇಲ್ಲ."

ನನಗೂ ನಮ್ಮಮ್ಮನ ದನಿ ನೆನಪು ಮಾಡಿಕೊಳ್ಳಲು ಹೆದರಿಕೆಯಾಯಿತು. ಕಾರನ್ನು ಸ್ವಲ್ಪ ಜೋರಾಗಿಯೇ ಓಡಿಸಿದೆ.

ಬಶೀರ್ ಮನೆ ನಮ್ಮ ಮನೆಯಿಂದ ನಾಲ್ಕು ಸಿಗ್ನಲ್ಲಿನಾಚೆ. ಅವರ ಹೆಂಡತಿ ಖುರ್ಷಿದಾ ಹುಬ್ಬಳ್ಳಿಯವರು, ಬಾಯಿ ತೆರೆದರೆ ನಮ್ಮ ಸೀಮೆಯೇ ಮುಂದೆ ಬಂದು ನಿಲ್ಲುತ್ತದೆ. ಅವರನ್ನು ಕಂಡ ಕೂಡಲೇ ಅತ್ತೆಗೆ ಸುಳ್ಳು ಹೇಳುವ ಶಕ್ತಿ ಉಡುಗಿತು. ಪರ್ಸಿನಿಂದ ಓಲೆ ತೆಗೆದು ಅವರೆದುರೇ ಕಿವಿಗೆ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದರು. ರೆಕಾರ್ಡು, ಒಲೆಯ ಡಬ್ಬ, ಪರಾತ, ತಾಯಿಯ ದನಿ.

ಖುರ್ಷಿದಾ ಏನನ್ನೂ ಮುಚ್ಚಿಡಲಿಲ್ಲ. "ನಾನೂ ಬಿಚ್ಚಿಲ್ರಿ ದಾನಕ್ಕಾ. ಮೆಹ್ರೀನ್‌ಗೆ ಪರಾತ ತಗೊಂಡು ಏನ್ ಆಗಬೇಕು? ಅಕಿ ಡಿಸೆಂಬರ್‌ದಾಗ ಲ್ಯಾಪ್‌ಟಾಪು ರೈಲಿನ್ಯಾಗ ಬಿಟ್ಟು ಬಂದಿದ್ಲು. ಸ್ಟೇಷನ್ನಿನ ಮೇಡಂ ಒಬ್ರು ಎಲ್ಲೆಲ್ಲೋ ಫೋನ್ ಹಚ್ಚಿ ಅದನ್ನ ಹುಡುಕಿ ಕೊಟ್ರು. ಅವ್ರಿಗೆ ಕೊಟ್ಟೆ. ಬ್ಯಾಡ ಬ್ಯಾಡ ಅಂದ್ರು, ನಾ ಬಿಡಲಿಲ್ಲ."

"ಯಾವ ಸ್ಟೇಷನ್ನು?" ಎಂದೆ.

"ಇಲ್ಲೇ, ನಮ್ಮ ಯೂನಿಯನ್ ಸಿಟಿ. ಎತ್ತರಕ್ಕ ಅದಾರ, ಗಾಜಿನ ಬೂತಿನ್ಯಾಗ ಕೂಡ್ತಾರ. ಭಾಳ ಛಲೋ ಮನಶ್ಯಾಳು."

ಅತ್ತೆ ಅಲ್ಲೇ ಸೋಫಾದ ಮೇಲೆ ಕೂತರು. ಖುರ್ಷಿದಾ ನೀರು ತಂದುಕೊಟ್ಟರು. ರೆಕಾರ್ಡು ಕ್ಯುಪರ್ಟಿನೋ ನೋಡಿ, ಫ್ರೀಮಾಂಟು ನೋಡಿ, ನಮ್ಮ ಎದುರು ಮನೆಗೆ, ಅದನ್ನು ಹಾಡಿದವಳ ಕೈಗೇ ಹೋಗಿ ಸೇರಿ ಒಂಬತ್ತು ತಿಂಗಳಾಗಿತ್ತು. ಹಾಗಿದ್ದರೆ ಲೊರೇನ್ ಅದನ್ನು ಯಾವತ್ತೋ ಬಿಚ್ಚಿ ನೋಡಿರಬೇಕು. ನಾವು ಕೊಟ್ಟುಬಿಟ್ಟೆವೆಂದು ಅವಳಿಗೆ ಗೊತ್ತಿರಬೇಕು. ಗೊತ್ತಿದ್ದೂ ಬೆಳಿಗ್ಗೆ ಬಂದು ಅತ್ತೆಯ ಕೈ ಹಿಡಿದಳೇ? ಇಲ್ಲ, ಅವಳೂ ಅದನ್ನು ಯಾರಿಗಾದರೂ ಕೊಟ್ಟುಬಿಟ್ಟಳೇ? ಈ ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಕಾರಿನಲ್ಲಿ ನಮ್ಮಿಬ್ಬರಿಗೂ ತೀರ್ಮಾನಕ್ಕೆ ಬರಲಾಗಲಿಲ್ಲ.

ಐದು ಗಂಟೆಗೆ ಅತ್ತೆ, ಆರತಿ, ನಾನು ರಸ್ತೆ ದಾಟಿದೆವು. ಲೊರೇನ್ ಟೇಬಲ್ಲಿನ ಮೇಲೆ ತಾಯಿಯ ಫೋಟೋ ಇಟ್ಟು, ಹೂವಿಟ್ಟಿದ್ದಳು. ಅತ್ತೆಗೋಸ್ಕರ ಮಾಂಸ ಹಾಕದೆ ಅಲಸಂದೆ ಕಾಳಿನ ಪಲ್ಯ ಮಾಡಿದ್ದಳು, ಮೆಕ್ಕೆಜೋಳದ ಬ್ರೆಡ್ಡು ಮಾಡಿದ್ದಳು. ರೆಕಾರ್ಡ್ ಪ್ಲೇಯರಿನ ಮುಚ್ಚಳ ತೆರೆದಿತ್ತು. ಅತ್ತೆಯ ಬರಿಗೈಯನ್ನು ನೋಡಿದಳು.

"ಹೇಳ್ರಿ ಅಳಿಯಾರ," ಎಂದರು ಅತ್ತೆ. "ಒಂದೂ ಬಿಡದಂಗ ಹೇಳ್ರಿ. ಡೇಲಿ ಸುಳ್ಳು ಅಂತ ಮೊದಲು ಹೇಳ್ರಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಆರತಿ ನನ್ನ ತೋಳು ಚಿವುಟಿದಳು. ನಡುಮನೆಯ ಮೂಲೆಯಲ್ಲಿ ಒಂದು ಶೆಲ್ಫು. ಅದರ ತುಂಬ ಪೊಟ್ಟಣಗಳು. ಸ್ಟೇಷನ್ನಿನಲ್ಲಿ ಪ್ರಯಾಣಿಕರು ಕೊಟ್ಟ ಹಬ್ಬದ ಪೊಟ್ಟಣಗಳು, ನಾವು ವರ್ಷ ವರ್ಷ ದೀಪಾವಳಿಗೆ ಕೊಟ್ಟವು, ಎಲ್ಲ ಅಂದಂದಿನ ಹಾಗೆಯೇ, ಒಂದರ ಟೇಪೂ ಕಿತ್ತಿಲ್ಲ. ಕೆಳಗಿನ ಸಾಲಿನಲ್ಲಿ ನೇರಳೆ ಬಣ್ಣದ ನವಿಲು.

"ನೀವೇ ಹೇಳಿದ್ದಿರಲ್ಲ," ಎಂದಳು ಲೊರೇನ್ ನಾವು ನೋಡುವುದನ್ನು ಕಂಡು. "ಬಿಚ್ಚಬಾರದು, ಅದರ ಸಮಯ ತಾನಾಗೇ ಬರುತ್ತದೆ ಅಂತ. ನಿಮ್ಮ ದೇಶದವರು ಯಾರು ಕೊಟ್ಟರೂ ನಾನು ಬಿಚ್ಚುವುದಿಲ್ಲ. ಆ ನವಿಲಿನದು ಚೆನ್ನಾಗಿದೆ, ಈ ದೀಪಾವಳಿಗೆ ಮಿಸ್ ಡಾನಾಗೆ ಕೊಡೋಣ ಅಂತ ಇಟ್ಟಿದ್ದೇನೆ."

ನಾನು ಅನುವಾದ ಮಾಡುವುದನ್ನು ಅತ್ತೆ ಕಾಯಲಿಲ್ಲ. ಹೋಗಿ ಪೊಟ್ಟಣ ಎತ್ತಿಕೊಂಡು ನೆಲದ ಮೇಲೆ ಕೂತು ಕಾಗದವನ್ನು ಪರಪರ ಹರಿದರು. ನಾನು ಮದುವೆಯಾದಾಗಿನಿಂದ ಅವರು ಉಡುಗೊರೆಯ ಕಾಗದ ಹರಿದದ್ದನ್ನು ನೋಡಿದ್ದು ಅದೇ ಮೊದಲು. ಒಲೆಯ ಡಬ್ಬ ಬಂತು. ಪರಾತ ಬಂತು, ಟಣ್ ಎಂದಿತು. ಅದರಡಿಯಿಂದ ಬಳೆಯಷ್ಟು ದೊಡ್ಡ ರಿಂಗು ಹಾಕಿಕೊಂಡ ಇಪ್ಪತ್ತೊಂದು ವರ್ಷದ ಲೊರೇನ್ ಬೆರಳು ತೋರಿಸುತ್ತ ಹೊರಗೆ ಬಂದಳು.

ಲೊರೇನ್ ಅದನ್ನು ಕೈಗೆ ತೆಗೆದುಕೊಂಡಳು. ಹಾಗೇ ಇದ್ದ ಪ್ಲಾಸ್ಟಿಕ್ಕು ಹೊದಿಕೆಯನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಅತ್ತೆಯನ್ನು ನೋಡಿ, "ಡೇಲಿ?" ಎಂದಳು.

ಅತ್ತೆ ಎರಡೂ ಕೈಯಲ್ಲಿ ಕಿವಿ ಹಿಡಿದುಕೊಂಡರು. ಲೊರೇನ್ ನಗತೊಡಗಿದಳು. ಎಷ್ಟು ನಕ್ಕಳೆಂದರೆ ಗೋಡೆ ಹಿಡಿದು ನಿಲ್ಲಬೇಕಾಯಿತು, ನಗುತ್ತಲೇ ಅವಳ ಕಣ್ಣಲ್ಲಿ ನೀರಿಳಿಯಿತು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಬೇ ಏರಿಯಾದ ಕನ್ನಡದವರೆಲ್ಲ ಅಂದು ಮಧ್ಯಾಹ್ನ ತಮ್ಮ ತಮ್ಮ ಕಪಾಟಿನ ಪೊಟ್ಟಣಗಳನ್ನು ಬಿಚ್ಚಿ ಕೂತಿದ್ದರು, ಸ್ಯಾನ್ ರಮೋನಿನಲ್ಲಿ ಯಾರಿಗೋ ನಿಜವಾಗಿಯೂ ಒಂದು ಓಲೆ ಸಿಕ್ಕಿತ್ತು, ದಾನವ್ವನವರದೇ ಇರಬೇಕು, ಯಾವ ಆಸ್ಪತ್ರೆಗೆ ತರಬೇಕು ಎಂದು ಕೇಳುತ್ತಿದ್ದರು. ನಾನು ಫೋನನ್ನು ಆಫ್ ಮಾಡಿದೆ.

ಲೊರೇನ್ ಪ್ಲಾಸ್ಟಿಕ್ಕು ಬಿಚ್ಚಿ, ಎರಡನೇ ಬದಿಯ ಕೊನೆಯ ಹಾಡಿಗೆ ಮುಳ್ಳು ಇಟ್ಟಳು. ಡ್ರಮ್ಮಿನ ಬಡಿತ ಶುರುವಾಯಿತು. ಒಬ್ಬ ಹುಡುಗಿ ಉಸಿರೇ ತೆಗೆದುಕೊಳ್ಳದೆ ಮಾತಾಡತೊಡಗಿದಳು, ಒಂದೊಂದು ಮಾತನ್ನೂ ಬಡಿತದ ಮೇಲೆ ಕುಟ್ಟಿ ಕೂರಿಸುತ್ತ. ಅತ್ತೆ ಸ್ವಲ್ಪ ಹೊತ್ತು ಕೇಳಿದರು.

"ಯಾರಿಗೆ ಬೈಯಾಕತ್ತಾಳ್ರಿ?"

"ಎಲ್ಲಾರಿಗೂ."

"ಛಲೋ ಆತು. ಬೈಯಲಿ."

ಆಮೇಲೆ ಹಾಡಿನ ನಡುವೆ ಬಾಗಿಲು ಕಿರುಗುಟ್ಟಿತು. ಡ್ರಮ್ಮು ನಿಂತಿತು. ಒಬ್ಬ ಹೆಂಗಸಿನ ದನಿ, ಕೆಲಸದಿಂದ ಸುಸ್ತಾಗಿ ಬಂದದ್ದು, ಸಿಟ್ಟಿನದು: ಲೊರೇನ್, ಸಾಕು ನಿಲ್ಲಿಸು ಗಲಾಟೆ, ಊಟ ಆರಿಹೋಗುತ್ತಿದೆ, ಆ ಹುಡುಗರನ್ನೂ ಕರೆದುಕೊಂಡು ಬಾ, ಎಲ್ಲರೂ ಕೈ ತೊಳೆದುಕೊಳ್ಳಿ. ಅಷ್ಟೇ. ಲೊರೇನ್ ತುಟಿ ಕಚ್ಚಿಕೊಂಡು ಮುಳ್ಳನ್ನು ಎತ್ತಿಬಿಟ್ಟಳು. ಫೋಟೋದ ಕಡೆ ನೋಡಿ ತಲೆಬಾಗಿದಳು. ಆ ವರ್ಷದ್ದು ಮುಗಿದಿತ್ತು.

ಅತ್ತೆಗೆ ನಾನು ಅರ್ಥ ಹೇಳಲು ಹೊರಟೆ. ಅವರು ಕೈ ಅಡ್ಡ ಮಾಡಿದರು. "ಊಟಕ್ಕ ಕರದ್ಲು. ಅದನೇನು ಹೇಳತೀರಿ," ಎಂದರು. ಆಮೇಲೆ, "ಇನ್ನೊಮ್ಮೆ ಹಚ್ಚಾಕ ಹೇಳ್ರಿ," ಎಂದರು.

ಲೊರೇನ್ ತಲೆಯಲ್ಲಾಡಿಸಿದಳು. ಒಮ್ಮೆ ಮಾತ್ರ, ಇಲ್ಲದಿದ್ದರೆ ಸವೆದುಹೋಗುತ್ತದೆ, ಇರುವುದು ಇದೊಂದೇ ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಯಾವ ವಸ್ತುವನ್ನೂ ಬಿಚ್ಚದೆ, ಬಳಸದೆ, ಸವೆಯಗೊಡದೆ ಎಪ್ಪತ್ತು ವರ್ಷ ಕಳೆದ ನಮ್ಮ ಅತ್ತೆ ಅದನ್ನು ಕೇಳಿಸಿಕೊಂಡರು.

"ಲೋರವ್ವಾ," ಎಂದರು ನೇರವಾಗಿ ಅವಳಿಗೇ, ಕನ್ನಡದಲ್ಲೇ. "ಅವ್ವ ಒಮ್ಮೆ 'ಊಟಕ್ಕ ಬಾ' ಅಂದ್ರ ಯಾವ ಮಗಳರೆ ಎದ್ದು ಬಂದಾಳೇನು? ನೀ ಬಂದಿದ್ದಿಯೇನು? ನಾ ಬಂದಿದ್ದೆನೇನು? ಎರಡ ಸಲ ಕರೀಬೇಕವಾ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಲೊರೇನ್ ಅತ್ತೆಯ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಮುಳ್ಳನ್ನು ಮತ್ತೆ ರೆಕಾರ್ಡಿನ ಮೇಲೆ ತಂದು, ಸ್ವಲ್ಪ ಹಿಂದಕ್ಕೆ ಇಟ್ಟಳು.

ಬಾಗಿಲು ಕಿರುಗುಟ್ಟಿತು. ತಾಯಿ ಎರಡನೇ ಸಲ ಕರೆದಳು.

"ಬಂದ್ವಿ ಯವ್ವಾ, ಬಂದ್ವಿ," ಎಂದು ಅತ್ತೆ ಮೊಣಕಾಲು ಹಿಡಿದುಕೊಂಡು ಮೇಲೆದ್ದರು. ಅವರ ಹಿಂದೆ ಲೊರೇನ್, ಆಮೇಲೆ ಆರತಿ, ನಾನು, ಎಲ್ಲರೂ ಕೈ ತೊಳೆಯಲು ಹೋದೆವು.